ಗ್ರೋ ಟೆಂಟ್ ವಾಸನೆಗೆ ಮನೆಯಲ್ಲೇ ಕಾರ್ಬನ್ ಫಿಲ್ಟರ್

ಫ್ಲ್ಯಾಟಿನ ಖಾಲಿ ಕೋಣೆಯಲ್ಲಿ ಗ್ರೋ ಟೆಂಟ್ (ಗಿಡ ಬೆಳೆಸುವ ಮುಚ್ಚಿದ ಬಟ್ಟೆಗೂಡು) ಹಾಕಿ ಎಲ್‌ಇಡಿ ದೀಪದಡಿ ಮೆಣಸಿನಕಾಯಿ, ತುಳಸಿ, ಟೊಮೆಟೊ ಬೆಳೆಯುವವರಿಗೆ ಗಿಡದಿಂದ ಅಂಥ ತೊಂದರೆಯಿಲ್ಲ. ತೊಂದರೆ ಗಿಡಕ್ಕೆ ಹಾಕುವ ಗೊಬ್ಬರದಿಂದ. ಮೂರು ದಿನ ನೆನೆಸಿಟ್ಟ ಕಡಲೆಕಾಯಿ ಹಿಂಡಿಯ ನೀರು, ಮೀನು-ಬೆಲ್ಲದ ಕಷಾಯ, ಗಾಳಿಯಾಡದೆ ಕೊಳೆತ ಪೋಷಕಾಂಶದ ತೊಟ್ಟಿ, ಇವುಗಳಲ್ಲಿ ಒಂದು ಸಾಕು, ಪಕ್ಕದ ಮನೆಯವರು ಬಾಗಿಲು ಬಡಿಯಲು. ಆಗ ಅವಸರದಲ್ಲಿ ವಾಸನೆ ಹಿಡಿಯುವ ಇಂಗಾಲದ ಕಾಳು (ಆಕ್ಟಿವೇಟೆಡ್ ಕಾರ್ಬನ್) ತುಂಬಿ ಒಂದು ಫಿಲ್ಟರ್ ಕಟ್ಟುತ್ತಾರೆ, ವಾಸನೆ ಹಾಗೇ ಉಳಿಯುತ್ತದೆ, ‘ಇಂಗಾಲ ಸರಿಯಿಲ್ಲ’ ಅನ್ನುತ್ತಾರೆ. ಹತ್ತರಲ್ಲಿ ಎಂಟು ಸಲ ಇಂಗಾಲ ಚೆನ್ನಾಗಿಯೇ ಇರುತ್ತದೆ. ಗಾಳಿ ಅದನ್ನು ಮುಟ್ಟದೆ ಸಂದಿಯಲ್ಲಿ ನುಸುಳಿ ಹೋಗಿರುತ್ತದೆ.

ಮೊದಲೇ ಒಂದು ಮಾತು: ಗಂಜಲ, ಕೋಳಿಗೊಬ್ಬರದ ಅಮೋನಿಯಾ ಸಾದಾ ಆಕ್ಟಿವೇಟೆಡ್ ಕಾರ್ಬನ್‌ಗೆ ಅಷ್ಟಾಗಿ ಹಿಡಿಯುವುದಿಲ್ಲ. ಮೂಗಿಗೆ ಚುರ್ರೆನ್ನುವ ಆ ಘಾಟಿಗೆ ಆಮ್ಲ ಲೇಪಿಸಿದ ಬೇರೆ ಬಗೆಯ ಕಾರ್ಬನ್ ಬೇಕು. ಅದಕ್ಕಿಂತ ಗಂಜಲ ಹಾಕಿದ ಜೀವಾಮೃತದ ಡ್ರಮ್ಮನ್ನು ತಾರಸಿಗೆ ಸಾಗಿಸುವುದು ಸುಲಭ. ಹಿಂಡಿಯ ಹುಳಿನಾತ, ಮೀನಿನ ನಾತ, ಎಲೆಗಳ ಕಟು ವಾಸನೆ ಇವೆಲ್ಲ ಸಾದಾ ಕಾರ್ಬನ್‌ಗೆ ಸಿಕ್ಕಿಬೀಳುತ್ತವೆ.

ಇಲ್ಲಿ ಹೇಳಿರುವುದು 1.2 x 1.2 x 2 ಮೀಟರಿನ ಟೆಂಟಿಗೆ, ಅಂದರೆ ಸುಮಾರು 2.9 ಘನ ಮೀಟರ್ ಗಾಳಿಗೆ. ಫಿಲ್ಟರ್ ದಾಟಿದ ಮೇಲೂ ಗಂಟೆಗೆ 150 ಘನ ಮೀಟರ್ ಎಳೆಯುವ ಫ್ಯಾನ್ ಇದ್ದರೆ ಒಳಗಿನ ಗಾಳಿ ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು ಸಲ ಬದಲಾಗುತ್ತದೆ.

ಹಂತ 1: ಕಾರ್ಬನ್ ಕೊಳ್ಳುವುದು

ಇಸ್ತ್ರಿ ಅಂಗಡಿಯ ಇದ್ದಿಲು ಆಗದು. ಇದ್ದಿಲನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಬೆಯಿಂದ ಕೊರೆದಾಗಲೇ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಾಗುವುದು. ಒಂದು ಗ್ರಾಮಿಗೆ 1000 ಚದರ ಮೀಟರಿನಷ್ಟು ಮೈ ಸಿಗುವುದು. ನಿಂಬೆರಸದಲ್ಲಿ ನೆನೆಸಿ ಒಲೆಯ ಮೇಲೆ ಹುರಿದು ‘ಆಕ್ಟಿವೇಟ್’ ಮಾಡುವ ವಿಡಿಯೊಗಳನ್ನು ನಂಬಿದರೆ ಕೈ ಕಪ್ಪಾಗುವುದಷ್ಟೇ ಲಾಭ.

ಕೊಳ್ಳುವುದಾದರೆ ತೆಂಗಿನ ಕರಟದ್ದನ್ನೇ ಕೊಳ್ಳಿ. ಗಟ್ಟಿ ಕಾಳು, ಕಡಿಮೆ ಪುಡಿ, ಸಣ್ಣ ರಂಧ್ರ. ಕೊಬ್ಬರಿಯ ತಿಪಟೂರು ಸೀಮೆ ಇರುವ ರಾಜ್ಯದಲ್ಲಿ ಕಲ್ಲಿದ್ದಲಿನ ಕಾರ್ಬನ್ನಿಗೆ ಮೊರೆಹೋಗಲು ಕಾರಣವೇ ಇಲ್ಲ. ಅಂಗಡಿಯವನಿಗೆ ಎರಡು ವಿಷಯ ಕೇಳಿ: ಅಯೋಡಿನ್ ನಂಬರ್ (ಸಣ್ಣ ರಂಧ್ರಗಳು ಎಷ್ಟಿವೆ ಎಂಬುದರ ಅಳತೆ) 900ಕ್ಕಿಂತ ಮೇಲಿರಬೇಕು, ಕಾಳಿನ ಅಳತೆ ‘4x8 ಮೆಶ್’ ಇರಬೇಕು. ಅಂದರೆ ಸರಿಸುಮಾರು 2.4ರಿಂದ 4.8 ಮಿ.ಮೀ., ಕಡಲೆಬೇಳೆಯ ನುಚ್ಚಿನಷ್ಟು. ನೀರಿನ ಫಿಲ್ಟರಿಗೆ ಮಾರುವ 8x30 ಅಗ್ಗವೆಂದು ತಂದವರು ಬಹಳ. ಅದು ರವೆಯಷ್ಟು ಸಣ್ಣ. ಜಾಲರಿಯಿಂದ ಉದುರುತ್ತದೆ, ಫ್ಯಾನಿನ ಉಸಿರು ಕಟ್ಟಿಸುತ್ತದೆ. ಅನುಮಾನವಿದ್ದರೆ ಒಂದು ಹಿಡಿ ಕಾಳನ್ನು ನೀರಿಗೆ ಹಾಕಿ: ಒಳ್ಳೆಯದಾದರೆ ಸೋಡಾದ ಹಾಗೆ ಗುಳ್ಳೆ ಬಿಡುತ್ತ ಮುಳುಗುತ್ತದೆ, ಬರೀ ಇದ್ದಿಲು ಸುಮ್ಮನೆ ತೇಲುತ್ತದೆ.

5 ಕೆ.ಜಿ. ಬೇಕು, 6 ಕೆ.ಜಿ. ತನ್ನಿ. ಚೀಲದ ಬಾಯಿ ಬಿಚ್ಚಬೇಡಿ. ಅಡುಗೆಮನೆಯಲ್ಲಿ ತೆರೆದಿಟ್ಟರೆ ಒಗ್ಗರಣೆಯ ವಾಸನೆಯನ್ನೆಲ್ಲ ಈಗಲೇ ಕುಡಿದು ಕೂರುತ್ತದೆ.

ಹಂತ 2: ಉಳಿದ ಸಾಮಾನು

ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್, ಸ್ಟೇನ್‌ಲೆಸ್ ಸ್ಟೀಲಿನ ಸೊಳ್ಳೆ ಜಾಲರಿ, 25 ಸೆಂ.ಮೀ. ಚೌಕದ 12 ಮಿ.ಮೀ. ಪ್ಲೈವುಡ್ ಎರಡು, 110 ಮಿ.ಮೀ. ಪಿವಿಸಿ ಪೈಪ್ 12 ಸೆಂ.ಮೀ. ತುಂಡು, ಒಂದು ಮೀಟರಿನ 6 ಮಿ.ಮೀ. ಥ್ರೆಡ್ ರಾಡ್ ಎರಡು (ಅರ್ಧಕ್ಕೆ ಕತ್ತರಿಸಿದರೆ ನಾಲ್ಕು), ನಟ್ಟು-ವಾಷರ್, ಬೈಂಡಿಂಗ್ ವೈರ್, ಅಲ್ಯೂಮಿನಿಯಂ ಟೇಪ್, 25 ಮಿ.ಮೀ. ಸೋಫಾ ಫೋಮ್, ಹುಳಿ ವಾಸನೆ ಬಾರದ ನ್ಯೂಟ್ರಲ್ ಸಿಲಿಕೋನ್. ಅಲ್ಯೂಮಿನಿಯಂ ಸೊಳ್ಳೆ ಜಾಲರಿ ಬೇಡ, ಹೊಟ್ಟೆ ಬಿಡುತ್ತದೆ. ನೈಲಾನಿನದಂತೂ ಬೇಡವೇ ಬೇಡ.

ಫ್ಯಾನ್ ನಾಲ್ಕು ಇಂಚಿನ ಇನ್‌ಲೈನ್ ಬಗೆಯದ್ದೇ (ಕೊಳವೆಯ ಸಾಲಿನಲ್ಲೇ ಕೂರುವಂಥದ್ದು) ಆಗಬೇಕು. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಬಯಲಲ್ಲಿ ಜೋರಾಗಿ ತಿರುಗುತ್ತದೆ. ಎದುರಿಗೆ 5 ಸೆಂ.ಮೀ. ಕಾರ್ಬನ್ ಇಟ್ಟರೆ ಗುಂಯ್‌ಗುಡುತ್ತದೆಯೇ ಹೊರತು ಗಾಳಿ ಎಳೆಯುವುದಿಲ್ಲ.

ಹಂತ 3: ಎರಡು ಕೊಳವೆ

ಒಂದರೊಳಗೊಂದು ಜಾಲರಿ ಕೊಳವೆ, ನಡುವೆ ಕಾರ್ಬನ್. ಗಾಳಿ ಹೊರಗಿನಿಂದ ಕಾರ್ಬನ್ ದಾಟಿ ಒಳಕೊಳವೆಗೆ, ಅಲ್ಲಿಂದ ಫ್ಯಾನಿಗೆ. ಒಳಗಿನದರ ವ್ಯಾಸ 11 ಸೆಂ.ಮೀ., ಹೊರಗಿನದು 21, ಎತ್ತರ 40. ಒಳಗಿನದಕ್ಕೆ 37 ಸೆಂ.ಮೀ., ಹೊರಗಿನದಕ್ಕೆ 68.5 ಸೆಂ.ಮೀ. ಅಗಲ ಕತ್ತರಿಸಿದರೆ ಅಂಚು ಒಂದರ ಮೇಲೊಂದು ಕೂರಲು 2.5 ಸೆಂ.ಮೀ. ಸಿಗುತ್ತದೆ. ಅಂಚನ್ನು 3 ಸೆಂ.ಮೀ.ಗೊಂದರಂತೆ ತಂತಿ ಹೊಲಿಗೆ ಹಾಕಿ. ಪ್ಲಾಸ್ಟಿಕ್ ಟೈ ಹಾಕಿದರೆ ಭಾರಕ್ಕೆ ಸಡಿಲಾಗಿ ಕೊಳವೆ ಬಾಯಿ ಬಿಡುತ್ತದೆ.

ಸೊಳ್ಳೆ ಜಾಲರಿ ಯಾವಾಗಲೂ ಕಾರ್ಬನ್ನಿನ ಕಡೆಗೆ, ದಪ್ಪ ಮೆಶ್ ಅದರ ಬೆನ್ನಿಗೆ. ಅಂದರೆ ಒಳಗಿನ ಕೊಳವೆಗೆ ಜಾಲರಿ ಹೊರಮೈಗೆ, ಹೊರಗಿನದಕ್ಕೆ ಒಳಮೈಗೆ. ತಿರುವುಮುರುವಾದರೆ ಕಾಳಿನ ಒತ್ತಡ ಜಾಲರಿಯನ್ನು ತಳ್ಳಿ ಉಬ್ಬಿಸುತ್ತದೆ.

ಮೇಲಿನ ಹಲಗೆಗೆ 11 ಸೆಂ.ಮೀ. ತೂತು ಕೊರೆದು ಪೈಪ್ ತೂರಿಸಿ: ಹೊರಗೆ ಸುಮಾರು 8, ಒಳಗೆ 3 ಸೆಂ.ಮೀ. ಒಳಕೊಳವೆ ಆ 3 ಸೆಂ.ಮೀ. ಮೇಲೆ ಟೋಪಿಯಂತೆ ಕೂರುತ್ತದೆ. ಕೆಳಹಲಗೆಗೆ ಎರಡೂ ಕೊಳವೆಗಳನ್ನು ನಿಲ್ಲಿಸಿ ಬುಡಕ್ಕೆ ಸಿಲಿಕೋನ್ ಬಳಿಯಿರಿ. ರಾಡ್‌ಗಳು ಹಲಗೆಯ ನಾಲ್ಕು ಮೂಲೆಯಲ್ಲಿ. ಒಂದಿಡೀ ದಿನ ಒಣಗಲು ಬಿಡಿ. ಅವಸರದಲ್ಲಿ ರಬ್ಬರ್ ಅಂಟು ಅಥವಾ ಎನಾಮೆಲ್ ಪೇಂಟ್ ಬಳಿದರೆ ಕಾರ್ಬನ್ ಮೊದಲು ಥಿನ್ನರಿನ ಆವಿಯನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಈಗ ಬಹುತೇಕರು ಬಿಟ್ಟುಬಿಡುವ ಕೆಲಸ: ಒಳಕೊಳವೆಯ ಮೇಲ್ತುದಿಯ 8 ಸೆಂ.ಮೀ.ಗೆ ಸುತ್ತಲೂ ಅಲ್ಯೂಮಿನಿಯಂ ಟೇಪ್ ಸುತ್ತಿ ಮುಚ್ಚಿ. ಯಾಕೆಂಬುದು ಮುಂದೆ.

ಹಂತ 4: ತುಂಬುವುದು

ಕೆಡುವುದೆಲ್ಲ ಇಲ್ಲೇ. ಚೀಲ ಎತ್ತಿ ಸುರಿದು, ಎರಡು ಸಲ ಕುಲುಕಿ, ಮುಚ್ಚಳ ಹಾಕಿದರೆ ಎರಡು ವಾರದಲ್ಲಿ ಕಾಳು ಕುಸಿದು ಮೇಲೆ ಎರಡು ಬೆರಳಿನಷ್ಟು ಪೊಳ್ಳಾಗುತ್ತದೆ. ಫಿಲ್ಟರನ್ನು ಅಡ್ಡಡ್ಡ ತೂಗುಹಾಕಿದ್ದರೆ ಉದ್ದಕ್ಕೂ ಬೆನ್ನಿನ ಮೇಲೊಂದು ಖಾಲಿ ಕಾಲುವೆ. ಗಾಳಿಗೆ ಅಷ್ಟು ಸಾಕು.

ಬಾಲ್ಕನಿಯಲ್ಲೋ ತಾರಸಿಯಲ್ಲೋ ಎನ್95 ಮಾಸ್ಕ್ ಹಾಕಿಕೊಂಡು ಕೂರಿ. ಕಾರ್ಬನ್ನನ್ನು ಮೊರದಲ್ಲಿ ಕೇರಿ ಅಥವಾ ಜರಡಿ ಹಿಡಿದು ಕಪ್ಪು ಧೂಳು ತೆಗೆಯಿರಿ. ತೊಳೆಯಬೇಡಿ, ಒಣಗಿಸುವುದು ಹರಸಾಹಸ. ಎರಡು ಕೊಳವೆಗಳ ನಡುವೆ 5 ಸೆಂ.ಮೀ. ದಪ್ಪದ ಮೂರು ಮರದ ತುಂಡುಗಳನ್ನು ದಾರ ಕಟ್ಟಿ ಇಳಿಬಿಡಿ. ಒಳಕೊಳವೆ ಒಂದು ಪಕ್ಕಕ್ಕೆ ವಾಲಿ, ಒಂದು ಕಡೆ 3 ಇನ್ನೊಂದು ಕಡೆ 7 ಸೆಂ.ಮೀ. ಆದರೆ ಗಾಳಿಯೆಲ್ಲ ತೆಳುವಿದ್ದ ಕಡೆಯೇ ನುಗ್ಗುತ್ತದೆ. ಒಳಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಕಾಳು ಒಳಗೆ ಬಿದ್ದರೆ ಮುಂದೆ ಫ್ಯಾನಿಗೆ ಹೋಗುತ್ತದೆ.

ಲೋಟದಿಂದ ಸುತ್ತಲೂ ಸಮನಾಗಿ ಹಾಕುತ್ತ 5 ಸೆಂ.ಮೀ. ಪದರ ಆದಕೂಡಲೇ ನಿಲ್ಲಿಸಿ. ಬುಡವನ್ನು ಮಡಚಿದ ಗೋಣಿಯ ಮೇಲಿಟ್ಟು ಮೆಲ್ಲಗೆ ಎತ್ತಿ ಕುಕ್ಕಿ, ಇಪ್ಪತ್ತು ಸಲ. ಆಮೇಲೆ ಹೊರಮೈಗೆ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಸದ್ದು ಗಮನಿಸಿ: ಮೊದಲು ಗಲಗಲ, ಕಾಳು ಕೂತ ಮೇಲೆ ದಪ್‌ದಪ್. ಮರದ ತುಂಡುಗಳನ್ನು ಒಂದು ಪದರದಷ್ಟು ಮೇಲೆಳೆದು ಮುಂದಿನ ಪದರ. ಕೋಲಿನಿಂದ ಜಡಿಯಬೇಡಿ, ಕಾಳು ಪುಡಿಯಾಗುತ್ತದೆ. ಎಂಟು ಪದರಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಿಡಿಯಲೇಬೇಕು.

ಸರಿಯಾಯಿತೋ ಇಲ್ಲವೋ ಎಂಬುದನ್ನು ತಕ್ಕಡಿ ಹೇಳುತ್ತದೆ. ನಡುವಿನ ಜಾಗ ಸುಮಾರು 10 ಲೀಟರ್. ಚೆನ್ನಾಗಿ ಕೂತ ಕರಟದ ಕಾರ್ಬನ್ ಲೀಟರಿಗೆ ಅರ್ಧ ಕೆ.ಜಿ.ಯಷ್ಟು ತೂಗುತ್ತದೆ. 5 ಕೆ.ಜಿ. ಹತ್ತಿರ ಹಿಡಿಸಿದ್ದರೆ ಸರಿ. ನಾಲ್ಕೂವರೆಗೇ ತುಂಬಿಹೋಗಿದ್ದರೆ ಇನ್ನೂ ಪೊಳ್ಳಿದೆ, ತಟ್ಟಿ.

ಮೇಲಂಚಿಗೆ 1 ಸೆಂ.ಮೀ. ಬಿಟ್ಟು ನಿಲ್ಲಿಸಿ. ಸೋಫಾ ಫೋಮನ್ನು ಬಳೆಯಂತೆ ಕತ್ತರಿಸಿ (ಹೊರವ್ಯಾಸ 21, ಒಳವ್ಯಾಸ 11) ಅದರ ಮೇಲಿಟ್ಟು, ಹಲಗೆ ಮುಚ್ಚಿ, ನಟ್ಟುಗಳನ್ನು ಎದುರುಬದಿರು ಮೂಲೆಯಂತೆ ಬಿಗಿಯಿರಿ. 25 ಮಿ.ಮೀ. ಫೋಮ್ 10ಕ್ಕೆ ಅದುಮಿಕೊಂಡು ಸ್ಪ್ರಿಂಗಿನಂತೆ ಕೂರುತ್ತದೆ. ಕಾಳು ಕುಸಿದಷ್ಟೂ ತಾನು ಕೆಳಗಿಳಿದು ಒತ್ತುತ್ತದೆ. ಆದರೆ ಫೋಮಿನ ಮೂಲಕ ಗಾಳಿ ಹಾಯುತ್ತದಲ್ಲ? ಅದಕ್ಕೇ ಆ 8 ಸೆಂ.ಮೀ. ಟೇಪು. ಫೋಮ್ ಪೂರ್ತಿ 2.5 ಸೆಂ.ಮೀ. ಹಿಗ್ಗಿದರೂ ಅದರ ಕೆಳಗೆ ಇನ್ನೂ ಐದೂವರೆ ಸೆಂ.ಮೀ. ಕಾರ್ಬನ್ ದಾಟದೆ ಗಾಳಿ ಒಳಕೊಳವೆ ಸೇರಲಾರದು.

ಹಂತ 5: ಜೋಡಣೆ

ಹೊರಮೈಗೆ ರಜಾಯಿ ಹೊಲಿಯುವ ಅಂಗಡಿಯ ತೆಳು ಪಾಲಿಯೆಸ್ಟರ್ ವ್ಯಾಡಿಂಗ್ ಒಂದು ಸುತ್ತು. ಹಳೆ ಬನಿಯನ್ ಸುತ್ತುವವರಿದ್ದಾರೆ, ಅದು ತಿಂಗಳಲ್ಲಿ ಧೂಳು ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲಿ ಅಣಬೆ ಚೀಲಗಳೂ ಇದ್ದರೆ ವಾರಕ್ಕೊಮ್ಮೆ ವ್ಯಾಡಿಂಗ್ ಬದಲಿಸಿ, ಇಲ್ಲದಿದ್ದರೆ ಬೀಜಕಗಳು ಕಾರ್ಬನ್ನಿನ ಮೇಲೆ ಹೊದಿಕೆ ಹಾಕಿಬಿಡುತ್ತವೆ.

ಫಿಲ್ಟರ್ ಟೆಂಟಿನೊಳಗೆ ಮೇಲ್ಭಾಗದಲ್ಲಿ, ಆಮೇಲೆ ಫ್ಯಾನ್, ಆಮೇಲೆ ಹೊರಗೆ ಹೋಗುವ ಕೊಳವೆ, ಇದೇ ಕ್ರಮ. ಫ್ಯಾನ್ ಎಳೆಯಬೇಕು, ತಳ್ಳಬಾರದು. ಎಳೆದರೆ ಟೆಂಟಿನ ಗೋಡೆ ತುಸು ಒಳಕ್ಕೆ ಬಾಗುತ್ತದೆ, ಹೊಲಿಗೆಯ ಸಂದಿಗಳಲ್ಲೂ ಗಾಳಿ ಒಳಗೇ ಬರುತ್ತದೆ. ಫ್ಯಾನಿನ 100 ಮಿ.ಮೀ. ಮೂತಿ ಪೈಪಿನೊಳಗೆ ಸಡಿಲವಾಗಿ ಕೂರುತ್ತದೆ; ಫೋಮ್ ಟೇಪ್ ಸುತ್ತಿ, ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಿ. ಒಟ್ಟು ತೂಕ 7 ಕೆ.ಜಿ. ದಾಟಬಹುದು, ಎರಡು ಪಟ್ಟಿಯಲ್ಲಿ ನೇತುಹಾಕಿ. ಲಂಬವಾಗಿ ನಿಲ್ಲಿಸಲು ಜಾಗವಿದ್ದರೆ ಅದೇ ಉತ್ತಮ.

ಹಂತ 6: ಪರೀಕ್ಷೆ

ಫ್ಯಾನ್ ಹಾಕಿ, ಊದಿನಕಡ್ಡಿಯನ್ನು ಫಿಲ್ಟರ್ ಮತ್ತು ಫ್ಯಾನ್ ನಡುವಿನ ಪ್ರತಿ ಕೀಲಿನ ಹತ್ತಿರ ಹಿಡಿಯಿರಿ. ಹೊಗೆ ಸಂದಿಗೆ ಎಳೆದುಕೊಂಡರೆ ಅಲ್ಲಿ ಸೋರಿಕೆ. ವಾಸನೆ ಪರೀಕ್ಷೆಗೆ ಮಾತ್ರ ಊದಿನಕಡ್ಡಿ ಬೇಡ, ಹೊಗೆಯ ಕಣ ಕಾರ್ಬನ್ ದಾಟಿಕೊಂಡು ಬರುತ್ತದೆ. ಬಿಸಿನೀರಿನಲ್ಲಿ ಒಂದು ಚಮಚ ಹಿಂಗು ಕದಡಿ ಟೆಂಟಿನೊಳಗಿಟ್ಟು, ಹೊರಗಿನಿಂದ ಆಗಷ್ಟೇ ಬಂದವರಿಗೆ ಮೂಸಲು ಹೇಳಿ. ಆ ಕೋಣೆಯಲ್ಲೇ ಇದ್ದವರ ಮೂಗು ಹತ್ತು ನಿಮಿಷಕ್ಕೇ ವಾಸನೆಗೆ ಒಗ್ಗಿಹೋಗಿರುತ್ತದೆ.

ತೇವದ ಕಾಟ

ಗಾಳಿಯ ತೇವಾಂಶ ಶೇ 60-70 ದಾಟಿದರೆ ನೀರಿನ ಆವಿಯೇ ರಂಧ್ರಗಳಲ್ಲಿ ಕೂತು ವಾಸನೆಗೆ ಜಾಗವಿರುವುದಿಲ್ಲ. ಬೆಂಗಳೂರಿನ ಬೇಸಿಗೆಯಲ್ಲಿ ಈ ಚಿಂತೆ ಕಡಿಮೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಡಿಹ್ಯುಮಿಡಿಫಯರ್ ಇಲ್ಲದೆ ಫಿಲ್ಟರ್ ನೆಚ್ಚಿ ಕೂರುವಂತಿಲ್ಲ. ಕಟ್ಟಿದ ದಿನವೇ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಫಿಲ್ಟರ್ ತೂಗಿ, ಹಲಗೆಯ ಮೇಲೇ ತೂಕ, ತಾರೀಕು ಬರೆಯಿರಿ. ಮಳೆಗಾಲದಲ್ಲಿ ಒಂದು ಕೆ.ಜಿ. ಏರಿದ್ದರೆ ಅದು ನೀರು: ಎರಡು ಮೂರು ದಿನ ಒಣಗಾಳಿ ಹಾಯಿಸಿದರೆ ಇಳಿಯುತ್ತದೆ. ತೂಕ ಇಳಿದ ಮೇಲೂ, ಸಂದಿಗಳೆಲ್ಲ ಸರಿಯಿದ್ದೂ ನಾತ ಬಂದರೆ ಕಾರ್ಬನ್ ತುಂಬಿದೆ ಎಂದರ್ಥ. ಬಿಸಿಲಿಗೆ ಹರಡಿದರೆ ನೀರು ಹೋಗುತ್ತದೆ, ಹಿಡಿದ ವಾಸನೆ ಹೋಗುವುದಿಲ್ಲ. ಅಡುಗೆ ಓವನ್ನಿಗೆ ಇಡುವ ಸಾಹಸವಂತೂ ಬೇಡ: ಮನೆತುಂಬ ನಾತ, ಜೊತೆಗೆ ಬೆಂಕಿಯ ಭಯ. ನಾಲ್ಕು ನಟ್ಟು ಬಿಚ್ಚಿ ಹಳೆಯದನ್ನು ಸುರಿದು, ಅದೇ ಜಾಲರಿಗೆ ಹೊಸ 5 ಕೆ.ಜಿ. ತುಂಬಿ, ಫೋಮ್ ಬಳೆಯನ್ನೂ ಹೊಸದು ಹಾಕಿ. ಹಳೆಯ ಕಾಳು ಕ್ರೋಟನ್ ಕುಂಡದ ತಳಕ್ಕೆ ಆಗುತ್ತದೆ, ಸೊಪ್ಪಿನ ಮಡಿಗೆ ಬೇಡ.