ಇಂಗ್ಲೆಂಡಿನಲ್ಲಿ ಮನೆ ಸೋರಿದರೆ: ಕೇಸಿಗಿಂತ ಮೊದಲು ಕಾಗದ

ಡಿಸೆಂಬರ್ ಬಂತೆಂದರೆ ಮಂಗಳೂರಿನ ನಮ್ಮ ಮನೆಯ ಜಗಲಿ ತುಂಬುತ್ತದೆ. ಬರ್ಮಿಂಗ್‌ಹ್ಯಾಮ್, ರೀಡಿಂಗ್ ಕಡೆಯಿಂದ ರಜೆಗೆ ಬಂದವರೇ ಜಾಸ್ತಿ. ನಾನು ಅಲ್ಲಿ ಕ್ವಾಂಟಿಟಿ ಸರ್ವೇಯರ್ (ಕಟ್ಟಡ ಕೆಲಸದ ಅಳತೆ, ಖರ್ಚಿನ ಲೆಕ್ಕ ನೋಡುವವನು) ಆಗಿದ್ದು ವಾಪಸಾದವನು. ಹಾಗಾಗಿ ಗೋಳಿಬಜೆ ತಣಿಯುವ ಮೊದಲೇ ಪ್ರಶ್ನೆ ಬರುತ್ತದೆ: "ಎಕ್ಸ್‌ಟೆನ್ಷನ್ ಕಟ್ಟಿಸಿದೆ ಮಾರಾಯ್ರೆ, ಸೋರ್ತದೆ. ಕೇಸ್ ಹಾಕ್ಲಾ?"

ಈಗಲೇ ಬೇಡ. ಮೊದಲು ಬಿಲ್ಡರಿಗೆ ಪತ್ರ ಬರೆಯಿರಿ. ಏನು ಹಾಳಾಗಿದೆ, ನಿಮಗೆ ಏನಾಗಬೇಕು, ದುಡ್ಡಾದರೆ ಎಷ್ಟು, ಯಾವ ತಾರೀಕಿನೊಳಗೆ ಉತ್ತರ ಬೇಕು. ಸರಳ ವಿಷಯಕ್ಕೆ 14 ದಿನ ಕೊಡುವುದು ಅಲ್ಲಿನ ರೂಢಿ. ಈ ಹಂತ ಬಿಟ್ಟು ನೇರ ಕೋರ್ಟಿಗೆ ಹೋದರೆ ಜಡ್ಜ್ ಮೊದಲು ನಿಮ್ಮನ್ನೇ ಕೇಳುತ್ತಾರೆ. ಫೋನ್ ಮಾಡಿ ಬೈದದ್ದು ಎಲ್ಲೂ ಉಳಿಯುವುದಿಲ್ಲ. ವಾಟ್ಸಾಪ್ ಮೆಸೇಜು ಉಳಿಯುತ್ತದೆ, ತಾರೀಕಿರುವ ಫೋಟೋ ಉಳಿಯುತ್ತದೆ. ಸಿಟ್ಟಿನಲ್ಲಿ ಬೇರೆ ಬಿಲ್ಡರನ್ನು ಕರೆಸಿ ಎಲ್ಲ ಒಡೆಸಬೇಡಿ. ಸಾಕ್ಷಿಯೂ ಕಸದ ಜೊತೆಗೇ ಹೋಗುತ್ತದೆ.

10,000 ಪೌಂಡ್‌ವರೆಗಿನ ತಗಾದೆ ಸಾಮಾನ್ಯವಾಗಿ ಸ್ಮಾಲ್ ಕ್ಲೇಮ್ಸ್‌ಗೆ, ಅಂದರೆ ಕೋರ್ಟಿನ ಸಣ್ಣ ಕೇಸುಗಳ ವಿಭಾಗಕ್ಕೆ, ಬರುತ್ತದೆ. ಅಲ್ಲಿ ಗೆದ್ದರೂ ವಕೀಲರ ಫೀಸು ಬಹುಮಟ್ಟಿಗೆ ನಿಮ್ಮ ತಲೆಗೇ. ಅದಕ್ಕೇ ಎಷ್ಟೋ ಜನ ತಾವೇ ವಾದಿಸುತ್ತಾರೆ. 2024ರ ಮೇ ತಿಂಗಳಿಂದ ಇಲ್ಲೊಂದು ಹೊಸ ಮೆಟ್ಟಿಲು ಸೇರಿದೆ. ಇಂಥ ಹಣದ ಕೇಸುಗಳಲ್ಲಿ ವಿಚಾರಣೆಗೆ ಮೊದಲು ಮೀಡಿಯೇಶನ್, ಅಂದರೆ ಮಧ್ಯಸ್ಥರ ಮೂಲಕ ರಾಜಿ ಮಾತುಕತೆ, ಕಡ್ಡಾಯ. ಖರ್ಚಿಲ್ಲ, ಫೋನಿನಲ್ಲೇ, ಹೆಚ್ಚೆಂದರೆ ಒಂದು ಗಂಟೆ.

ನಮ್ಮಲ್ಲಿ ನಾಲ್ಕು ಹಿರಿಯರನ್ನು ಕೂರಿಸಿ ಪಂಚಾತಿಕೆ ಮಾಡುತ್ತೇವಲ್ವಾ, ಇದು ಹಾಗಲ್ಲ. ಎದುರಿನವನ ದನಿಯೂ ನಿಮಗೆ ಕೇಳುವುದಿಲ್ಲ. ಮೀಡಿಯೇಟರ್ ಅವನಿಗೊಮ್ಮೆ, ನಿಮಗೊಮ್ಮೆ ಫೋನ್ ಮಾಡುತ್ತಾರೆ. ಯಾರು ಸರಿ ಎಂದು ಅವರು ಹೇಳುವುದೇ ಇಲ್ಲ. ನಮ್ಮವರು ಎಡವುವುದು ಇಲ್ಲೇ. ಅರ್ಧ ಗಂಟೆ ಕಷ್ಟ ಹೇಳಿಕೊಳ್ಳುತ್ತಾರೆ, ಎಷ್ಟಕ್ಕೆ ಒಪ್ಪುತ್ತೀರಿ ಎಂದರೆ ತಡವರಿಸುತ್ತಾರೆ. ಇಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಅಂಕಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸುಮ್ನೆ ಫೋನ್ ಎತ್ತದೆ ಕೂತರೆ ಜಡ್ಜ್ ದಂಡ ಹಾಕಬಹುದು, ಕೇಸನ್ನೇ ತೆಗೆದು ಹಾಕಬಹುದು.

ದೊಡ್ಡ ಕೇಸುಗಳಿಗೂ ಇದೇ ಗಾಳಿ. 2023ರ ನವೆಂಬರಿನಲ್ಲಿ ಅಲ್ಲಿನ ಕೋರ್ಟ್ ಆಫ್ ಅಪೀಲ್, ಮಾತುಕತೆಗೆ ಹೋಗಿ ಎಂದು ಕೋರ್ಟು ಆದೇಶಿಸಬಹುದು ಎಂದಿತು. ಜಗಳ ಯಾವುದರ ಮೇಲೆ ಗೊತ್ತಾ? ಪಕ್ಕದ ಜಾಗದಿಂದ ನುಗ್ಗಿದ ಒಂದು ಕಳೆಗಿಡ!

ಕೋರ್ಟಿನ ಹೊರಗೆ ಒಬ್ಬ ತಟಸ್ಥ ವ್ಯಕ್ತಿಯಿಂದ 28 ದಿನದಲ್ಲಿ ತೀರ್ಪು ಬರುವ ಅಡ್ಜುಡಿಕೇಶನ್ ಬಗ್ಗೆಯೂ ಕೇಳುತ್ತಾರೆ. ಕಟ್ಟಡ ಕರಾರುಗಳ 1996ರ ಕಾಯ್ದೆಯ ಆ ಹಕ್ಕು, ತಾನೇ ವಾಸಿಸುವ ಮನೆಯ ಕೆಲಸಕ್ಕೆ ತಾನಾಗಿ ಸಿಗುವುದಿಲ್ಲ. ಕರಾರಿನಲ್ಲಿ ಬರೆದಿದ್ದರೆ ಮಾತ್ರ. ಬಾಡಿಗೆಗೆಂದೇ ಕೊಂಡ ಮನೆಯಾದರೆ ಲೆಕ್ಕ ಬೇರೆ.

ಇನ್ನು ಕೇಸು ಹಾಕುವ ಗಡುವು. ಮಾಮೂಲಿ ಕರಾರಿಗೆ 6 ವರ್ಷ, ಡೀಡ್ (ಸಾಕ್ಷಿ ಸಹಿಯೊಂದಿಗೆ ವಿಧಿವತ್ತಾಗಿ ಮಾಡಿದ ಪತ್ರ) ಆಗಿದ್ದರೆ 12. ಆದರೆ 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ 72 ಜನ ಸತ್ತ ಮೇಲೆ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಬಂತು. ಮನೆ ವಾಸಕ್ಕೇ ಯೋಗ್ಯವಿಲ್ಲದಂತೆ ಕಟ್ಟಿದ್ದರೆ 1972ರ ಡಿಫೆಕ್ಟಿವ್ ಪ್ರೆಮಿಸಸ್ ಕಾಯ್ದೆಯಡಿ ಹೋಗಲು ಅದು ಗಡುವು ಹೆಚ್ಚಿಸಿತು: 2022ರ ಜೂನ್ 28ಕ್ಕಿಂತ ಮೊದಲು ಮುಗಿದ ಮನೆಗೆ 30 ವರ್ಷ, ಆಮೇಲಿನದಕ್ಕೆ 15 ವರ್ಷ ಕಾಲಾವಕಾಶ. ಮನೆಯನ್ನು ನೀವು ಎರಡನೆಯವರಾಗಿ ಕೊಂಡಿದ್ದರೂ ಈ ಹಕ್ಕು ಇದೆ. ಇಲ್ಲಿ ಮಂಗಳೂರಿನ ಕದ್ರಿಯಲ್ಲೋ ಕಂಕನಾಡಿಯಲ್ಲೋ ಫ್ಲ್ಯಾಟ್ ಕೊಂಡವನಿಗೆ ನಮ್ಮ ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಕೊಡುವುದು 5 ವರ್ಷ. ಹೊಟ್ಟೆ ಉರಿಯುತ್ತದೆ. ಹಾಗಂತ ಒಂದು ಟೈಲ್ಸ್ ಬಿರುಕು ಬಿಟ್ಟದ್ದಕ್ಕೆ ಈ ಕಾಯ್ದೆ ಹಿಡಿಯಬೇಡಿ.

"ಅದು ಎಂಜಿನಿಯರ್ ತಪ್ಪು" ಎಂದು ಮನೆ ಕಟ್ಟಿ ಮಾರಿದ ಡೆವಲಪರ್ ಜಾರಿಕೊಂಡರೆ ಬಿಡಬೇಡಿ. ಅವನು ಎಂಜಿನಿಯರ್ ಮೇಲೆ ಅದೇ 1972ರ ಕಾಯ್ದೆಯಡಿ ಹೋಗಬಹುದು ಎಂದು 2025ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ. ಅದು ಅವರಿಬ್ಬರ ಜಗಳ.

ಗ್ಲಾಸ್ಗೋ, ಎಡಿನ್‌ಬರೋದವರು ಮಾತ್ರ ಇದನ್ನು ನಂಬಿ ಹೊರಡಬೇಡಿ. ನಾನು ಹೇಳಿದ್ದು ಇಂಗ್ಲೆಂಡ್ ಮತ್ತು ವೇಲ್ಸ್ ಮಾತು. ಸ್ಕಾಟ್‌ಲೆಂಡಿನ ಕೋರ್ಟೂ ಬೇರೆ, ನಿಯಮವೂ ಬೇರೆ. ಅಲ್ಲಿ ಸಣ್ಣ ಕೇಸಿನ ಮಿತಿ 5,000 ಪೌಂಡ್.