ಲೆಂಟ್ ದಿನಗಳಲ್ಲಿ ದಿನಕ್ಕೊಂದು ಧ್ಯಾನ ಬರೆದೆ: ನನ್ನ ಅನುಭವ

ಲೆಂಟ್ ಅಂದರೆ ಯೇಸುಸ್ವಾಮಿಯ ಪುನರುತ್ಥಾನದ ಹಬ್ಬವಾದ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಅದು ಬೂದಿ ಬುಧವಾರ ಶುರುವಾಗುತ್ತದೆ. ಆ ಬುಧವಾರದಿಂದ ಈಸ್ಟರ್‌ವರೆಗೆ ದಿನಾ ಸತ್ಯವೇದದ (ಬೈಬಲಿನ) ಒಂದು ಭಾಗದ ಮೇಲೆ ಸಣ್ಣ ಧ್ಯಾನ ಬರೆಯುವುದು, ಅದನ್ನು ನಮ್ಮ ಚರ್ಚಿನ ಸಭೆಯ ಕೆಲವು ಸ್ನೇಹಿತರಿಗೆ ಕಳುಹಿಸುವುದು. ನಾನು ಹಾಕಿಕೊಂಡ ಕೆಲಸ ಇಷ್ಟೇ. ಅರ್ಧ ಪುಟ ಸಾಕು ಅಂತ ಮೊದಲೇ ತೀರ್ಮಾನಿಸಿದ್ದೆ. ಕೊನೆಯಲ್ಲಿ ಎರಡು ಸಾಲಿನ ಪ್ರಾರ್ಥನೆ ಇರಲೇಬೇಕು ಅಂತಲೂ ಗಟ್ಟಿ ಮಾಡಿಕೊಂಡಿದ್ದೆ. ಹೀಗೆ ಬರೆಯಬೇಕು ಅಂದುಕೊಂಡಿರುವವರಿಗೆ ನನಗೆ ಕೆಲಸಕ್ಕೆ ಬಂದ ಕೆಲವು ಮಾತು ಹೇಳಬೇಕು ಅನ್ನಿಸಿತು.

ವಿಷಯವನ್ನು ದಿನಾ ಹುಡುಕಬೇಡಿ. ಬೆಳಿಗ್ಗೆ ಎದ್ದು "ಇವತ್ತು ಏನು ಬರೆಯಲಿ" ಅಂತ ಕೂತರೆ ನಮಗೆ ಇಷ್ಟವಾದ ವಚನಗಳೇ ಮತ್ತೆ ಮತ್ತೆ ಕೈಗೆ ಸಿಗುತ್ತವೆ. ಅದಕ್ಕೇ ನಾನು ಒಂದೇ ಪುಸ್ತಕ ಹಿಡಿದೆ, ಮಾರ್ಕನ ಸುವಾರ್ತೆ. ಯೇಸುಸ್ವಾಮಿಯ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಅದರಲ್ಲಿ 11ನೇ ಅಧ್ಯಾಯದಿಂದ ಮುಂದಿನದ್ದೆಲ್ಲ ಯೇಸುಸ್ವಾಮಿ ಯೆರೂಸಲೇಮಿಗೆ ಬಂದ ಮೇಲಿನ ಕೆಲವೇ ದಿನಗಳ ಕಥೆ. ಪುಸ್ತಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜಾಗ ಶಿಲುಬೆಯ ಆ ಒಂದು ವಾರಕ್ಕೆ ಹೋಗಿದೆ. ಲೆಂಟ್‌ಗೆ ಇದಕ್ಕಿಂತ ಹೊಂದುವ ಪುಸ್ತಕ ನನಗೆ ಕಾಣಲಿಲ್ಲ.

ಮೊದಲ ದಿನಕ್ಕೂ ಮುಂಚೆ ಒಂದು ಕೆಲಸ ಮಾಡಿ. ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಒಂದೇ ಸಲ ಕೂತು ಓದಿ. ಮಾರ್ಕನಿಗೆ ಒಂದೂವರೆ ಗಂಟೆ ಸಾಕು. ದಿನದ ಭಾಗ ಅಂತ ತುಂಡು ಮಾಡಿದಾಗ ಲೇಖಕ ಜೋಡಿಸಿದ್ದು ನಮ್ಮ ಕೈಯಲ್ಲೇ ಬಿಡಿಬಿಡಿಯಾಗಿಬಿಡುತ್ತದೆ. ಅಂಜೂರದ ಮರದ ಕಥೆಯನ್ನೇ ನೋಡಿ. ಹಣ್ಣಿನ ಕಾಲವಲ್ಲ ಅಂತ ಮಾರ್ಕನೇ ಹೇಳುತ್ತಾನೆ, ಆದರೂ ಸ್ವಾಮಿ ಆ ಮರವನ್ನು ಶಪಿಸುತ್ತಾರೆ. ಅದಷ್ಟನ್ನೇ ಇಟ್ಟುಕೊಂಡು ಬರೆಯಲು ಕೂತರೆ ಯಾರಿಗಾದರೂ ಕಷ್ಟ. ನಾನು ಆ ದಿನ ನನ್ನ ಪ್ರಶ್ನೆಯನ್ನೇ ಬರೆದು ಕಳುಹಿಸಿದೆ: "ಸ್ವಾಮೀ, ಇದು ನನಗೆ ಅರ್ಥವಾಗುತ್ತಿಲ್ಲ."

ಸಭೆಯ ಹಿರಿಯ ಅಕ್ಕ ಒಬ್ಬರು ಅದಕ್ಕೆ ಉತ್ತರ ಬರೆದರು. "ತಮ್ಮಾ, ಆ ಕಥೆ ಎರಡು ತುಂಡಾಗಿ ಇದೆ ಅಲ್ವಾ? ಮಧ್ಯದಲ್ಲಿ ಏನಿದೆ ನೋಡು" ಅಂದರು. ಮಧ್ಯದಲ್ಲಿ ದೇವಾಲಯದಲ್ಲಿ ಹಣ ಬದಲಾಯಿಸುವವರ ಮೇಜುಗಳನ್ನು ಸ್ವಾಮಿ ಕೆಡವುವುದು ಇದೆ. ಅದಾದ ಮರುದಿನ ಶಿಷ್ಯರು ಒಣಗಿದ ಮರ ನೋಡುತ್ತಾರೆ. ಎಲೆ ತುಂಬಿಕೊಂಡು ಹಣ್ಣಿಲ್ಲದ ಮರ, ಗದ್ದಲ ತುಂಬಿಕೊಂಡು ಪ್ರಾರ್ಥನೆ ಇಲ್ಲದ ಆಲಯ. ಎರಡನ್ನೂ ಒಟ್ಟಿಗೆ ನೋಡಿ ಅಂತ ಮಾರ್ಕ ಇಟ್ಟಿದ್ದಾನೆ. ಸಾಯುತ್ತಿರುವ ಮಗಳನ್ನು ಉಳಿಸಿ ಅಂತ ಸ್ವಾಮಿಯನ್ನು ಬೇಡಿದ ಯಾಯೀರನ ಕಥೆಯ ನಡುವೆ 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕಥೆ ಬರುವುದೂ ಹೀಗೇ. ಆ ಹುಡುಗಿಯ ವಯಸ್ಸೂ 12. ಅಕ್ಕನ ಮಾತು ಕೇಳಿದ ಮೇಲೆ ಭಾಗಗಳನ್ನು ದಿನಗಳಿಗೆ ಹಂಚುವಾಗ ಇಂಥ ಜೋಡಿ ಕಥೆಗಳನ್ನು ನಾನು ಒಡೆಯಲೇ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದಿದ್ದರಿಂದ ಆ ಉತ್ತರ ಬಂತು. ಸುಮ್ನೆ ಏನೋ ಒಂದು ನೀತಿ ಹೇಳಿ ಮುಗಿಸಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ.

ನನ್ನ ದಿನಚರಿ ತುಂಬಾ ಸರಳ. ಮರುದಿನದ ಭಾಗವನ್ನು ರಾತ್ರಿ ಮಲಗುವ ಮುಂಚೆ ಒಮ್ಮೆ ಓದುತ್ತಿದ್ದೆ, ಏನೂ ಬರೆಯುತ್ತಿರಲಿಲ್ಲ. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಅದನ್ನೇ ಗಟ್ಟಿಯಾಗಿ ಓದುತ್ತಿದ್ದೆ. ಆಮೇಲೆ ನೋಟ್‌ಬುಕ್‌ನಲ್ಲಿ ಕೈಬರಹ. ಗಟ್ಟಿಯಾಗಿ ಓದುವುದನ್ನು ಬಿಡಬೇಡಿ. ಕಣ್ಣು ಹಾರಿಸಿಕೊಂಡು ಹೋಗುವುದನ್ನು ಬಾಯಿ ಹಾರಿಸುವುದಿಲ್ಲ. ಬಿರುಗಾಳಿಯ ಹೊತ್ತಿನಲ್ಲಿ ಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದರು. ಐದು ಸಾವಿರ ಜನರಿಗೆ ಊಟ ಕೊಟ್ಟಾಗ ಅವರನ್ನು ಕೂರಿಸಿದ್ದು ಹಸಿರು ಹುಲ್ಲಿನ ಮೇಲೆ. ಆ ದಿಂಬು, ಆ ಹಸಿರು ಎರಡೂ ಎಷ್ಟೋ ವರ್ಷದಿಂದ ಅಲ್ಲೇ ಇದ್ದವು. ನನಗೆ ಕಂಡದ್ದು ಈ ಬರವಣಿಗೆಯಿಂದ. ದೊಡ್ಡ ತತ್ವ ಏನೂ ಹೊಳೆಯದ ದಿನ ಇಂಥ ಒಂದು ಸಣ್ಣ ವಿವರವನ್ನೇ ಹಿಡಿದು ಬರೆಯುತ್ತಿದ್ದೆ. ನನಗೆ ಇಷ್ಟವಾದ ಧ್ಯಾನಗಳು ಆ ದಿನಗಳಲ್ಲೇ ಹುಟ್ಟಿದವು.

ಮುಂಗಡವಾಗಿ ಬರೆದಿಡಬಹುದಾ ಅಂತ ಕೆಲವರು ಕೇಳಿದರು. ಸತ್ಯವೇದದ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನದ ಲೆಕ್ಕ ಇದೆ, ಅಂದರೆ ಅರಣ್ಯದಲ್ಲಿ ದೇವರು ಕೊಟ್ಟ ಆಹಾರದ್ದು. ಇಸ್ರಾಯೇಲ್ಯರು ಆಯಾ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಬೇಕಿತ್ತು. ಕೆಲವರು ಮರುದಿನಕ್ಕೆ ಇಟ್ಟುಕೊಂಡಾಗ ಅದು ಹುಳುಬಿದ್ದು ನಾರಿತು. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಲು ದೇವರೇ ಹೇಳಿದರು, ಅದು ಕೆಡಲಿಲ್ಲ. ನಾನು ಇದನ್ನೇ ಅನುಸರಿಸಿದೆ. ಆತಂಕದಿಂದ ಕೂಡಿಡುವುದು ಬೇಡ. ಆದರೆ ವಿಶ್ರಾಂತಿಗಾಗಿ, ಪ್ರಯಾಣಕ್ಕಾಗಿ ಒಂದು ದಿನದ್ದು ಮೊದಲೇ ಬರೆದರೆ ತಪ್ಪೇನಿಲ್ಲ.

ವಿಶ್ರಾಂತಿ ಅಂದೆನಲ್ಲ, ಭಾನುವಾರ ನಾನು ಬರೆಯಲಿಲ್ಲ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದೆ. ಲೆಂಟ್ 40 ದಿನ ಆಗುವುದು ಅದರಲ್ಲಿನ ಆರು ಭಾನುವಾರ ಬಿಟ್ಟಾಗ. ಪ್ರತಿ ಭಾನುವಾರವೂ ಪುನರುತ್ಥಾನದ ದಿನ, ಅದು ಉಪವಾಸಕ್ಕೆ ಸೇರುವುದಿಲ್ಲ. ದಿನಾ ಬರೆಯುವ ಹಟದಲ್ಲಿ ಆರಾಧನೆಯ ದಿನವೂ "ಕೆಲಸ"ದ ದಿನವಾಗುವುದು ನನಗೆ ಬೇಡವಾಗಿತ್ತು. ಆ ದಿನ ಸಭೆಯಲ್ಲಿ ಬೇರೆಯವರ ಬಾಯಿಂದ ವಾಕ್ಯ ಕೇಳಿಸಿಕೊಂಡೆ. ಕೇಳಿಸಿಕೊಳ್ಳದೆ ಬರೆಯುತ್ತಲೇ ಹೋದರೆ ಒಳಗೆ ಬೇಗ ಖಾಲಿಯಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆಯವರ ನೋವಿನ ವಿಷಯ. ದಿನಾ ಬರೆಯುವವನಿಗೆ ಉದಾಹರಣೆಗಳ ಹಸಿವು ಇರುತ್ತದೆ. ಪ್ರಾರ್ಥನೆ ಮಾಡಿ ಅಂತ ಯಾರೋ ಹೇಳಿಕೊಂಡ ಕಷ್ಟ, ಯಾರದೋ ಮನೆಯ ಕಾಯಿಲೆ, ಇವೆಲ್ಲ ಕೈಗೆಟುಕುವ ಹಾಗೆ ಇರುತ್ತವೆ. ಹೆಸರು ಹಾಕದಿದ್ದರೆ ಆಯಿತು ಅನ್ನಿಸುತ್ತದೆ. ಆದರೆ ಒಂದು ಸಭೆಯೊಳಗೆ ಹೆಸರು ಬೇಕಾಗಿಲ್ಲ, ಎರಡು ವಿವರ ಸಿಕ್ಕರೆ ಎಲ್ಲರಿಗೂ ಗೊತ್ತಾಗುತ್ತದೆ. ಗೆಳೆಯನೊಬ್ಬ ತನ್ನ ಮಗುವಿನ ಕಾಯಿಲೆಯ ಬಗ್ಗೆ ಹೇಳಿಕೊಂಡಿದ್ದ ವಾರದಲ್ಲೇ ನಾನು ಯಾಯೀರನ ಭಾಗಕ್ಕೆ ಬಂದೆ. ಎಷ್ಟು ಚೆನ್ನಾಗಿ ಹೊಂದುತ್ತಿತ್ತು! ಆದರೆ ವಾಕ್ಯವೇ ನನ್ನನ್ನು ತಡೆಯಿತು. ಯೇಸುಸ್ವಾಮಿ ಗೋಳಾಡುತ್ತಿದ್ದ ಜನರನ್ನೆಲ್ಲ ಹೊರಗೆ ಕಳುಹಿಸುತ್ತಾರೆ. ತಂದೆ, ತಾಯಿ, ಮೂವರು ಶಿಷ್ಯರು, ಇಷ್ಟೇ ಜನರೊಂದಿಗೆ ಹುಡುಗಿ ಇದ್ದ ಕೋಣೆಗೆ ಹೋಗುತ್ತಾರೆ. ಇದು ಯಾರಿಗೂ ತಿಳಿಯಬಾರದು ಅಂತ ಕೊನೆಗೆ ಹೇಳುತ್ತಾರೆ. ಹುಡುಗಿಗೆ ಊಟ ಕೊಡಿ ಅನ್ನುತ್ತಾರೆ. ಗೆಳೆಯನ ಮಗುವಿಗಾಗಿ ನಾನು ಬರೆದ ಪ್ರಾರ್ಥನೆ ನೋಟ್‌ಬುಕ್‌ನಲ್ಲೇ ಉಳಿಯಿತು. ಅದನ್ನು ಯಾರಿಗೂ ಕಳುಹಿಸಲಿಲ್ಲ. ಅವತ್ತು ಸ್ನೇಹಿತರಿಗೆ ಹೋದದ್ದು ಆ ಮುಚ್ಚಿದ ಬಾಗಿಲಿನ ಬಗ್ಗೆ ನಾಲ್ಕು ಸಾಲು.

ಓದುವವರ ಮೆಚ್ಚುಗೆಯ ವಿಷಯಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಬೂದಿ ಬುಧವಾರ ಎಷ್ಟೋ ಸಭೆಗಳಲ್ಲಿ ಓದುವುದು ಮತ್ತಾಯನ 6ನೇ ಅಧ್ಯಾಯ. ಜನರಿಗೆ ಕಾಣಲಿ ಅಂತ ದಾನ, ಪ್ರಾರ್ಥನೆ, ಉಪವಾಸ ಮಾಡಬೇಡಿ ಅನ್ನುವ ಭಾಗ. ಅದನ್ನು ಕೇಳಿ ಬಂದು ಸಂಜೆಗೆ ಎಷ್ಟು ಜನ ಓದಿದರು ಅಂತ ಎಣಿಸುವುದು ಹೊಂದುವುದಿಲ್ಲ. ನಾನು ಬೆಳಿಗ್ಗೆ ಕಳುಹಿಸಿ, ರಾತ್ರಿಯವರೆಗೆ ಉತ್ತರಗಳನ್ನು ತೆರೆಯುತ್ತಿರಲಿಲ್ಲ. ಆ ಇಡೀ ಹಗಲು ವಾಕ್ಯ ನನ್ನೊಳಗೆ ಕೆಲಸ ಮಾಡಲು ಸಿಕ್ಕಿತು.

ಒಣಗಿದ ದಿನಗಳು ಬರುತ್ತವೆ, ಖಂಡಿತ ಬರುತ್ತವೆ. ದೇವರು ದೂರ ಇದ್ದಾರೆ ಅನ್ನಿಸುವ ದಿನ ಉತ್ಸಾಹ ತುಂಬಿಸಿಕೊಂಡು ಬರೆಯಬೇಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ, ಆದರೂ ಅದು ಸತ್ಯವೇದದಲ್ಲಿ ಇದೆ. ಮಾರ್ಕನ 9ನೇ ಅಧ್ಯಾಯದಲ್ಲಿ ಮಗನಿಗಾಗಿ ಬೇಡುವ ತಂದೆ ನಂಬುತ್ತೇನೆ ಅನ್ನುತ್ತಾನೆ. ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಕೂಗುತ್ತಾನೆ. ಸ್ವಾಮಿ ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಒಂದು ದಿನ ನಾನು ಕಳುಹಿಸಿದ್ದು ಆ ತಂದೆಯ ಮಾತು ಮತ್ತು "ಇವತ್ತು ನನ್ನದೂ ಇದೇ" ಅನ್ನುವ ಒಂದು ಸಾಲು. ಅಷ್ಟೇ.

ಇನ್ನೊಂದು ಭಯ ಇರುತ್ತದೆ, ಹೇಳಿದ್ದನ್ನೇ ಹೇಳುತ್ತಿದ್ದೇನಾ ಅಂತ. ಕೆಲವು ವಾರ ಕಳೆದ ಮೇಲೆ ನನ್ನ ಪ್ರಾರ್ಥನೆಗಳೆಲ್ಲ ಒಂದೇ ತರಹ ಕಂಡವು. ಬಂಧನಕ್ಕೆ ಮುಂಚೆ ಸ್ವಾಮಿ ಪ್ರಾರ್ಥಿಸಿದ ಗೆತ್ಸೇಮನೆಯ ಭಾಗಕ್ಕೆ ಬಂದಾಗ ಆ ಭಯ ಹೋಯಿತು. ಯೇಸುಸ್ವಾಮಿ ಎರಡನೆಯ ಸಲ ಹೋಗಿ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದರು ಅಂತ ಮಾರ್ಕ ಬರೆದಿದ್ದಾನೆ. ತಂದೆಯ ಮುಂದೆ ಮಗ ಹೊಸ ಮಾತು ಹುಡುಕಲಿಲ್ಲ. ಅಂದಿನಿಂದ ನನ್ನ ಕೊನೆಯ ಎರಡು ಸಾಲನ್ನು ಅಲಂಕರಿಸುವುದನ್ನು ಬಿಟ್ಟೆ. ಹೋದ ವಾರ ಬೇಡಿದ್ದೇ ಇವತ್ತೂ ಬೇಕಿದ್ದರೆ ಅದನ್ನೇ ಬೇಡಿದೆ.

ಈಸ್ಟರ್ ದಿನ ಮಾತ್ರ ಭಾನುವಾರದ ನಿಯಮ ಮುರಿದು ಬರೆದೆ. ಸಿನಾಯ್ಟಿಕಸ್, ವ್ಯಾಟಿಕಾನಸ್ ಅನ್ನುವ 4ನೇ ಶತಮಾನದ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೆ ನಿಲ್ಲುತ್ತದೆ. ಹೆಂಗಸರು ಖಾಲಿ ಸಮಾಧಿ ಬಿಟ್ಟು ಓಡುತ್ತಾರೆ, ಹೆದರಿಕೆಯಿಂದ ಯಾರಿಗೂ ಏನೂ ಹೇಳುವುದಿಲ್ಲ. ಆ ಹೆಂಗಸರ ನಡುಕದ ಬಗ್ಗೆಯೇ ಬರೆದೆ. ಕ್ರಿಸ್ತನು ಎದ್ದಿದ್ದಾನೆ ಅನ್ನುವ ಸುದ್ದಿ ಮೊದಲು ತಲುಪಿದ್ದು ಹೆದರಿದವರಿಗೆ. ಅದನ್ನು ಬರೆಯುವಾಗ ನನಗೆ ಬಂದಷ್ಟು ಸಂತೋಷ ಲೆಂಟ್‌ನಲ್ಲಿ ಬೇರೆ ಯಾವ ದಿನವೂ ಬರಲಿಲ್ಲ.

ಈಗ ದಿನಾ ಬರೆಯುತ್ತಿಲ್ಲ, ವಾರಕ್ಕೆ ಎರಡು ಮೂರು ಸಲ ಕೂರುತ್ತೇನೆ. ಮುಂದಿನ ಸಲಕ್ಕೆ 120ರಿಂದ 134ರವರೆಗಿನ ಯಾತ್ರೆಯ ಕೀರ್ತನೆಗಳನ್ನು ಆರಿಸಿಕೊಂಡಿದ್ದೇನೆ. 15 ಚಿಕ್ಕ ಹಾಡುಗಳು, ಯೆರೂಸಲೇಮಿಗೆ ಹತ್ತಿ ಹೋಗುವವರು ಹಾಡುತ್ತಿದ್ದವು ಅಂತ ಹೇಳುತ್ತಾರೆ. ಅಂಜೂರದ ಮರದ ಬಗ್ಗೆ ಉತ್ತರ ಬರೆದ ಅಕ್ಕ ಈ ಸಲ ಜೊತೆಗೂಡುತ್ತಾರೆ. ಒಂದು ದಿನ ಅವರು, ಒಂದು ದಿನ ನಾನು. 121 ನನಗೇ ಬೇಕು ಅಂತ ಕೇಳಿದ್ದೇನೆ, ಅವರು ಇನ್ನೂ ಒಪ್ಪಿಲ್ಲ.