ಚೇಂದುರಿ ಎಂಬ ಹೆಸರು ಬೆಳೆದ ಬಗೆ: ನನ್ನ ಅನುಭವ

ನನ್ನ ಕಾದಂಬರಿಯ ನಾಯಕಿ ಚೇಂದುರಿಯ ಹೆಸರೊಂದಕ್ಕೆ ಮೂರು ವರ್ಷ ಸವೆಸಿದೆನೆಂದು ಹೇಳಿದಾಗ ಚಿತ್ರದುರ್ಗದ ನನ್ನ ಗೆಳೆಯರಲ್ಲಿ ನಗದವರು ಕಡಿಮೆ. ಕೇಳಲು ಇಂಪಾಗಿದ್ದರೆ ಸಾಕು, ಇಲ್ಲದ ಭಾಷೆಯ ಹೆಸರಿಗೆ ನಿಷ್ಪತ್ತಿ (ಪದ ಹುಟ್ಟಿಬಂದ ಬಗೆ) ಯಾರಿಗೆ ಬೇಕು ಎಂಬುದು ಅವರ ವಾದವಾಗಿತ್ತು. ಪುಸ್ತಕ ಓದಿದವರು ಈಗ ಮೊದಲು ಕೇಳುತ್ತಿರುವುದೇ ಆ ಹೆಸರಿನ ಬಗ್ಗೆ ಆದ್ದರಿಂದ, ನಾನು ಮಾಡಿದ ಕ್ರಮವನ್ನು ಬರೆದಿಡುತ್ತಿದ್ದೇನೆ. ಧಾತುಗಳ, ಅಂದರೆ ಮೂಲಪದಗಳ, ಪಟ್ಟಿ ಮಾಡುವುದು, ಧ್ವನಿಗಳನ್ನು ಆಯುವುದು ಮುಂತಾದವು ಈ ಕೆಲಸದಲ್ಲಿ ತೊಡಗಿರುವವರಿಗೆ ಗೊತ್ತೇ ಇರುತ್ತವೆ. ಅವನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಮೊದಲ ವರ್ಷ ಸಂಪೂರ್ಣ ವ್ಯರ್ಥವಾಯಿತು. ಅಕ್ಷರಗಳನ್ನು ಕಲಸಿ ಹೆಸರು ಉದುರಿಸುವ ಸಣ್ಣ ಪ್ರೋಗ್ರಾಮೊಂದನ್ನು ಪರಿಚಯದ ಹುಡುಗನಿಂದ ಬರೆಸಿದೆ, ಎರಡೋ ಎರಡೂವರೆಯೋ ಸಾವಿರ ಕೊಟ್ಟ ನೆನಪು. ಅದು ಸುಮಾರು ನಾನೂರು ಹೆಸರುಗಳನ್ನು ಕೊಟ್ಟಿತು. ಅವುಗಳಲ್ಲಿ ಆರಿಸಿದ್ದು 'ಝಲಾರ'. ಕರಡು ಮುಗಿಯುವವರೆಗೂ ಆಕೆ ಝಲಾರಳೇ ಆಗಿದ್ದಳು. ನಮ್ಮ ಅವ್ವನಿಗೆ ಒಂದು ಅಧ್ಯಾಯ ಓದಿ ಹೇಳಿದೆ. ಅವಳು ಕಥೆಯ ಬಗ್ಗೆ ಏನೂ ಅನ್ನದೆ, "ಅಲ್ಲಪ್ಪ, ಹೊಲದ ಆ ತುದಿಯಿಂದ ಕೂಗಿದ್ರೆ ಈ ಹೆಸರಿಗೆ ಯಾರು ಓಗೊಡ್ತಾರೆ?" ಎಂದಳು. ಆ ಮಾತು ನನಗೆ ನಾಟಿತು. ಎಷ್ಟೋ ತಲೆಮಾರು ಬಾಯಿಂದ ಬಾಯಿಗೆ ದಾಟಿದ ಹೆಸರಿಗೆ ಅಂಚು ಮೊಂಡಾಗಿರುತ್ತದೆ. ನನ್ನದು ನಿನ್ನೆ ಅಚ್ಚಿನಿಂದ ತೆಗೆದ ಹಾಗಿತ್ತು.

ಎರಡನೆಯ ವರ್ಷದ ತಪ್ಪು ಇನ್ನೂ ದೊಡ್ಡದು. ಸಾವಿರದ ಇನ್ನೂರರಷ್ಟು ಪದಗಳ ನಿಘಂಟು ಕಟ್ಟಿದೆ, ಎರಡು ಪದ ಜೋಡಿಸಿ ಹೆಸರು ಮಾಡಿದೆ, ಅರ್ಥವೂ ಬಂದಿತು. ಆದರೆ ಆ ಭಾಷೆಗೆ ವಯಸ್ಸೇ ಇರಲಿಲ್ಲ. ಅದರ ಪ್ರತಿಯೊಂದು ಹೆಸರೂ ಬಿಡಿಸಿದೊಡನೆ ಎರಡು ಹೋಳಾಗುತ್ತಿತ್ತು, ಅಂಗಡಿಯ ಬೋರ್ಡಿನಂತೆ ಅರ್ಥ ಹೇಳುತ್ತಿತ್ತು.

ದಾರಿ ತೋರಿಸಿದ್ದು ನಮ್ಮ ಕೋಟೆಯ ಓಬವ್ವನ ಹೆಸರು. ಈ ಸೀಮೆಯಲ್ಲಿ ಓಬಣ್ಣ, ಓಬಳಪ್ಪ, ಓಬಳೇಶ ಎಂದು ಕರೆಯುವಾಗ ಅದರ ಹಿಂದೆ ಅಹೋಬಲವಿದೆಯೆಂದು ಯಾರೂ ಯೋಚಿಸುವುದಿಲ್ಲ. ಅಹೋಬಲದ ನರಸಿಂಹ ಸವೆದು ಓಬಳನಾಗಿ, ಓಬನಾಗಿ, ಹೆಣ್ಣುಮಗಳ ಹೆಸರಲ್ಲಿ ಅವ್ವನೊಡನೆ ಸೇರಿಕೊಂಡಿದ್ದಾನೆ. ಹೊಳಲ್ಕೆರೆಯ ಹೆಸರಿನಲ್ಲಿ ಇನ್ನೊಂದು ಗುಣ ಕಂಡಿತು. ಪಟ್ಟಣವೆಂಬ ಅರ್ಥದ ಹಳಗನ್ನಡದ 'ಪೊೞಲ್', ಪಕಾರ ಹಕಾರವಾಗಿ ೞಕಾರ ಳಕಾರವಾಗಿ 'ಹೊಳಲು' ಆಯಿತು; ಇಂದು ಪಟ್ಟಣಕ್ಕೆ ಹೊಳಲು ಎನ್ನುವವರಿಲ್ಲ, ಆದರೆ ಊರ ಹೆಸರುಗಳಲ್ಲಿ ಅದು ಕುಳಿತೇ ಇದೆ. ಹೆಸರು ಸವೆಯಬೇಕು, ಅದರೊಳಗಿನ ಪದ ಮಾತ್ರ ಬಳಕೆ ತಪ್ಪಿ ಸತ್ತಿರಬೇಕು. ಈ ಎರಡನ್ನೂ ಒಂದೇ ಹೆಸರಿನಲ್ಲಿ ತರುವುದೇ ನನ್ನ ಇಡೀ ವಿಧಾನ.

ಹಾಗಾಗಿ ನಿಘಂಟನ್ನು ಬದಿಗಿಟ್ಟು ಒಂದು ತಾಯಿನುಡಿ, ಅದರಿಂದ ಕವಲೊಡೆದ ಗುಡ್ಡದ ನುಡಿ ಮತ್ತು ಬಯಲ ನುಡಿ ಎಂದು ಮೂರು ಮಾಡಿಕೊಂಡೆ. ತಾಯಿನುಡಿಯಲ್ಲಿ 'ಕೇಮ' ಎಂದರೆ ಬೂದಿ, 'ತುರ್' ಎಂದರೆ ಕಾಯು, 'ಇನ್' ಸ್ತ್ರೀಪ್ರತ್ಯಯ. ಒಟ್ಟಿಗೆ 'ಕೇಮತುರಿನ್', ಬೂದಿ ಕಾಯುವವಳು. ಗುಡ್ಡದ ನುಡಿಯಲ್ಲಿ ಇ, ಎ ಸ್ವರಗಳು ಹತ್ತಿದ ಕಕಾರ ಚಕಾರವಾಗುತ್ತದೆ. ಇದನ್ನು ನಾನು ಕಲ್ಪಿಸಿದ್ದಲ್ಲ, ಚಳ್ಳಕೆರೆ ಮೊಳಕಾಲ್ಮೂರು ಕಡೆಯ ಸಂತೆಗಳಲ್ಲಿ ಕೇಳಿದ್ದು: ನಮ್ಮ ಕಿವಿ ತೆಲುಗಿನವರಿಗೆ ಚೆವಿ, ನಮ್ಮ ಕೆರೆ ಅವರಿಗೆ ಚೆರುವು. ಹೀಗೆ ಚೇಮತುರಿನ್ ಆಯಿತು. ಆಮೇಲೆ ಸ್ವರಗಳ ನಡುವಿನ ತಕಾರ ದಕಾರವಾಗಿ ಚೇಮದುರಿನ್, ಎರಡನೆಯ ಅಕ್ಷರದ ಹ್ರಸ್ವ ಸ್ವರ ಬಿದ್ದು ಚೇಮ್ದುರಿನ್, ಮಕಾರ ದಕಾರಕ್ಕೆ ಹೊಂದಿಕೊಂಡು ಕೊನೆಯ ನಕಾರ ಉದುರಿ ಚೇಂದುರಿ.

ಬಯಲ ನುಡಿಯಲ್ಲಿ ಕಕಾರ ಹಾಗೆಯೇ ಉಳಿಯಿತು, ಉಳಿದ ನಿಯಮಗಳೆಲ್ಲ ಗುಡ್ಡದವೇ. ಆದರೆ ಅಲ್ಲಿ ಸ್ವರ ಮೊದಲು ಬಿತ್ತು. ಸ್ವರ ಬಿದ್ದ ಮೇಲೆ ತಕಾರ ಸ್ವರಗಳ ನಡುವೆ ಉಳಿಯಲಿಲ್ಲವಾದ್ದರಿಂದ ಅದು ದಕಾರವಾಗಲು ಆಸ್ಪದವೇ ಸಿಗದೆ ಕೇಂತುರಿ ಎಂದಾಯಿತು. ನಿಯಮಗಳಿಗಿಂತ ಅವುಗಳ ಸರದಿ ಮುಖ್ಯವೆಂಬುದು ತಿಳಿದದ್ದು ಈ ಒಂದೇ ಹೆಸರಿನಿಂದ. ಅದಕ್ಕೆ ಮುಂಚೆ ಎಂಟು ತಿಂಗಳು ಸರದಿಯಿಲ್ಲದೆ ನಿಯಮ ಹಚ್ಚಿ, ಒಂದೇ ಧಾತುವಿಗೆ ಅಧ್ಯಾಯಕ್ಕೊಂದು ರೂಪ ಬರುವಂತೆ ಮಾಡಿಕೊಂಡಿದ್ದೆ.

ಇನ್ನು ತಪ್ಪು ನಿಷ್ಪತ್ತಿಯ ವಿಷಯ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ನರು ತಮ್ಮ ಕಥೆಗಳಿಗಾಗಿ ಕಟ್ಟಿದ ನುಡಿಗಳಲ್ಲಿ ಕ್ವೆನ್ಯ ಫಿನ್ನಿಷ್‌ನ ಛಾಯೆಯಲ್ಲೂ ಸಿಂದಾರಿನ್ ವೆಲ್ಷ್‌ನ ಛಾಯೆಯಲ್ಲೂ ಬೆಳೆದವೆಂಬುದು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದದ್ದು ಅವರ ಕಥೆಯ ರಾಣಿ ಗಲಾದ್ರಿಯೆಲ್ ಎಂಬ ಹೆಸರಿನ ಒಂದು ಸಣ್ಣ ಸಂಗತಿ. ಅದರ ನಿಜವಾದ ಅರ್ಥ ಪ್ರಭೆಯ ಮಾಲೆ ಮುಡಿದ ಕನ್ಯೆ ಎಂದು. ಆದರೆ ಆಕೆ ಮರಗಳ ನಾಡಿನಲ್ಲಿದ್ದುದರಿಂದ, ಉಚ್ಚಾರದಲ್ಲಿ ಹತ್ತಿರವಿರುವ 'ಮರ' ಎಂಬರ್ಥದ ಪದದೊಡನೆ ಹೊರಗಿನವರು ಆ ಹೆಸರನ್ನು ಬೆರೆಸಿಬಿಡುತ್ತಾರೆ. ನಮ್ಮವರೂ ಇದನ್ನೇ ಮಾಡುತ್ತಾರೆ. ದಾವಣಗೆರೆಯೆಂದರೆ ದಾವಣಿ ಕಟ್ಟಿದ ಕೆರೆಯೆಂದು ಒಬ್ಬರು, ದಣಿವಾರಿಸಿದ ಕೆರೆಯೆಂದು ಇನ್ನೊಬ್ಬರು ಆಣೆಯಿಟ್ಟು ಹೇಳುವುದನ್ನು ಬೆಣ್ಣೆದೋಸೆಯ ಹೋಟೆಲಿನ ಒಂದೇ ಮೇಜಿನಲ್ಲಿ ಕೇಳಿದ್ದೇನೆ. ಆದ್ದರಿಂದ ಗುಡ್ಡದ ನುಡಿಯಲ್ಲಿ 'ಕೇಮ'ದ ಸಂತತಿಯನ್ನು ಕೊಂದು ಬೂದಿಗೆ ಬೇರೆ ಪದ ತಂದೆ. ಹೆಸರಿನ ಮೂಲ ಮರೆತ ಆಸ್ಥಾನದವರು ಅದನ್ನು 'ಚೇನ್' ಎಂದರೆ ಸುಳ್ಳು, 'ದುರಿ' ಎಂದರೆ ನಾಲಿಗೆ ಎಂದು ಒಡೆದು ಆಕೆಯನ್ನು ಸುಳ್ಳಿಯೆನ್ನುತ್ತಾರೆ. ಬಯಲಿನ ಮುದುಕಿಯೊಬ್ಬಳು ಕೇಂತುರಿ ಎಂದು ಕರೆದಾಗಲೇ ನಿಜ ಹೊರಬೀಳುವುದು. ಕನ್ನಡದ ಓದುಗರ ಕಿವಿಗೆ 'ಚೆಂದ'ವೂ 'ಉರಿ'ಯೂ ತಾವಾಗಿಯೇ ಬೀಳುತ್ತವೆ. ಅದು ಆಕಸ್ಮಿಕವೆಂದು ತಿಳಿದವರು ಹಾಗೆಯೇ ತಿಳಿಯಲಿ.

ಒಂದು ಬದಿಯ ಪ್ರಯೋಗವನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡನು, ತನ್ನ ವೃತ್ತಿಯನ್ನು ಹೇಳುವ ಪದವೊಂದನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದನ್ನು ಕಂಡು, ಪರದೇಶದ ಲಿಪಿಕಾರನೊಬ್ಬ ಚೇಂದುರಿಯ ಹೆಸರನ್ನು ತಪ್ಪಾಗಿ ಬರೆದು ಆ ತಪ್ಪೇ ರೂಢಿಯಾಗುವ ಅಧ್ಯಾಯ ಬರೆದೆ. ನಲವತ್ತು ಪುಟವಾಯಿತು, ಕಥೆ ನಿಂತಲ್ಲೇ ನಿಂತಿತು, ತೆಗೆದುಹಾಕಿದೆ. ಅದೇ ಶಾಸನದ 'ಇಸಿಲ' ಎಂಬ ಊರ ಹೆಸರನ್ನು, ಬಾಣ ಬಿಡುವ ಅರ್ಥದ ನಮ್ಮ 'ಇಸು' ಧಾತುವಿಗೆ ಜೋಡಿಸಿದ ವಿದ್ವಾಂಸರಿದ್ದಾರೆಂಬ ನೆಪದಲ್ಲಿ ಇನ್ನೊಂದು ತಿಂಗಳು ಕಳೆಯಿತು.

ಹಣದ ಪೆಟ್ಟು ಬಿದ್ದದ್ದು ದಾವಣಗೆರೆಯ ಮುದ್ರಣಾಲಯದಲ್ಲಿ. ಪುಟವಿನ್ಯಾಸ ಮುಗಿದ ಮೇಲೆ ಝಲಾರಳನ್ನು ಚೇಂದುರಿಯಾಗಿಸಲು ಹೊರಟೆ. ಕಂಪ್ಯೂಟರಿನಲ್ಲಿ ಒಂದೇ ಗುಂಡಿಯ ಕೆಲಸವೆಂದುಕೊಂಡಿದ್ದೆ. ಅಕಾರಾಂತ ಹೆಸರು ಇಕಾರಾಂತವಾದರೆ ವಿಭಕ್ತಿ ಸುಮ್ಮನಿರುತ್ತದೆಯೇ? ಕರಡಚ್ಚು ಕೈಗೆ ಬಂದಾಗ ಪುಟಪುಟದಲ್ಲೂ 'ಚೇಂದುರಿಳನ್ನು', 'ಚೇಂದುರಿಳಿಗೆ' ಎಂದಿತ್ತು. ಸಾವಿರಕ್ಕೂ ಹೆಚ್ಚು ಕಡೆ ಕೆಂಪು ಪೆನ್ನಿನಿಂದ ತಿದ್ದಿದೆ. ಅದರ ಮೇಲೆ, ಅವರ ಹಳೆಯ ಫಾಂಟಿನಲ್ಲಿ ೞ ಅಕ್ಷರವೇ ಇಲ್ಲದೆ, ಅನುಬಂಧದಲ್ಲಿ ಅದಿರಬೇಕಾದ ಕಡೆಯಲ್ಲೆಲ್ಲ ಖಾಲಿ ಚೌಕ ಮೂಡಿತ್ತು. ತಿದ್ದುಪಡಿ, ಹೊಸ ರಕ್ಷಾಪುಟ ಎಲ್ಲ ಸೇರಿ ಆರೇಳು ಸಾವಿರ ಹೆಚ್ಚಿಗೆ ಹೋಯಿತು. ಮುನ್ನೂರು ಪ್ರತಿಗೆ ಒಟ್ಟು ನಲವತ್ತೈದು ಸಾವಿರದ ಹತ್ತಿರ ಬಂದಿತು. ಇನ್ನೂರ ಅರವತ್ತರಷ್ಟು ಮಾರಾಟವಾಗಿವೆ, ನಕ್ಕ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಪಾತ್ರಗಳ ಹೆಸರಿಗೆ ನನ್ನ ಮನೆಗೆ ಬರುತ್ತಾರೆ.

ತಾಯಿನುಡಿಯ ಮೂರನೆಯ ಕವಲೊಂದಿದೆ, ಸಮುದ್ರ ದಾಟಿದವರದು. ಅದರಲ್ಲಿ ಕೇಮತುರಿನ್ ಏನಾಯಿತೆಂಬುದನ್ನೂ, ಆ ಗೆಳೆಯರು ಪದೇಪದೇ ಕೇಳುವ ಒತ್ತಕ್ಷರದ ಉಪಾಯವನ್ನೂ ಇಲ್ಲಿ ಹೇಳಲಾರೆ. ಎರಡನೆಯ ಭಾಗ ಇನ್ನೂ ಕೈಬರಹದಲ್ಲಿದೆ.

ಅವ್ವ ಕಳೆದ ಕಾರ್ತಿಕದಲ್ಲಿ ಹುಟ್ಟಿದ ಹೆಣ್ಣುಗರುವಿಗೆ ಈ ಹೆಸರನ್ನೇ ಇಟ್ಟಳು. ಮೊದಲ ವಾರ ಚೇಂದುರಿ, ಆಮೇಲೆ ಚೇಂದಿ. ಅಷ್ಟನ್ನು ನಾನೂ ನಿರೀಕ್ಷಿಸಿದ್ದೆ. ಮೊನ್ನೆ ಹಿತ್ತಲಿನಿಂದ "ಚ್ಯಾಂದವ್ವಾ" ಎಂದು ಕೂಗಿದ್ದು ಕೇಳಿಸಿತು: ಅವ್ವ ಎಂಬುದು ಸೇರಿದೊಡನೆ ಇಕಾರ ಹೋಗಿ, ಮುಂದೆ ಅಕಾರ ಬಂದದ್ದರಿಂದ ಏಕಾರ ಬಾಯಿ ತೆರೆದಿದೆ, ಬೇಡ ಎಂಬುದು ಬ್ಯಾಡ ಆದ ಹಾಗೆ. ಚೇಂದಿಯಾಗಿದ್ದಷ್ಟು ದಿನವೂ ಆ ಏಕಾರ ಅಲುಗಿರಲಿಲ್ಲ, ಕೇರಿ ಬೇಲಿಗಳಲ್ಲಿ ಅಲುಗದ ಹಾಗೆ. ಕರು ಓಗೊಟ್ಟಿತು. ನಾನು ಒಳಗೆ ಬಂದು, ಗುಡ್ಡದ ನುಡಿಯ ಪಟ್ಟಿಯಲ್ಲಿ ನಕಾರ ಉದುರುವ ನಿಯಮದ ಕೆಳಗೆ ಇದನ್ನೂ ಬರೆದುಕೊಂಡೆ.